ಸಂತೆಯೋ, ದರ್ಶನದ ಸಾಲೋ: ಕಾಮಿಕ್ ಕಾನ್ ಬೆಳೆದ ಕಥೆ

ಅಮೆರಿಕದ ಸ್ಯಾನ್ ಡಿಯೇಗೊದಲ್ಲಿ ಪ್ರತಿ ವರ್ಷ ಜುಲೈನಲ್ಲಿ ಕಾಮಿಕ್ ಕಾನ್ ಎಂಬ ಕಾಮಿಕ್ಸ್, ಸಿನಿಮಾ ಅಭಿಮಾನಿಗಳ ಜಾತ್ರೆ ನಡೆಯುತ್ತದೆ. ಆ ವಾರದ ಶುಕ್ರವಾರ ರಾತ್ರಿ ಕನ್ವೆನ್ಷನ್ ಸೆಂಟರ್ ಹತ್ತಿರ, ಸಮುದ್ರದ ಪಕ್ಕದಲ್ಲಿ, ಸಾವಿರಾರು ಜನ ಬಯಲಲ್ಲೇ ಮಲಗಿರುತ್ತಾರೆ. ಕೆಲವರು ಮಡಚುವ ಕುರ್ಚಿ ತಂದಿರುತ್ತಾರೆ, ಕೆಲವರ ಹತ್ತಿರ ಬರೀ ಚಾಪೆ, ಕಂಬಳಿ. ಸೂಪರ್‌ಹೀರೋ ವೇಷ ಹಾಕಿದವರು ಮುಖವಾಡ ಬಿಚ್ಚಿ ತಲೆ ಪಕ್ಕ ಇಟ್ಟುಕೊಂಡು ನಿದ್ದೆ ಮಾಡುತ್ತಿರುತ್ತಾರೆ. ಮಣಿಕಟ್ಟಿಗೆ ಬಣ್ಣದ ಪಟ್ಟಿ. ಆ ಪಟ್ಟಿ ಇದ್ದರೆ ಬೆಳಗ್ಗೆ ಹಾಲ್ ಎಚ್ ಎಂಬ ಸಭಾಂಗಣದಲ್ಲಿ ಜಾಗ ಸಿಗುತ್ತದೆ. ಒಳಗಿರುವುದು ಸುಮಾರು 6,500 ಸೀಟು. ಕಾಮಿಕ್ ಕಾನ್‌ಗೆ ಬಂದವರು 1,30,000ಕ್ಕೂ ಜಾಸ್ತಿ.

ಇಷ್ಟು ಜನ ಸೇರಿದ ಮೇಲೆ ಬಂದವರಿಗೆ ಖುಷಿ ಉಳಿಯುತ್ತದಾ? ಹದಿನೈದು ಇಪ್ಪತ್ತು ವರ್ಷಗಳಿಂದ ಅಭಿಮಾನಿಗಳು ಈ ಪ್ರಶ್ನೆ ಕೇಳುತ್ತಲೇ ಇದ್ದಾರೆ. ಉತ್ತರ ಸಿಗಬೇಕಾದರೆ ಈ ಜಾತ್ರೆ ಹುಟ್ಟಿದ ದಿನಕ್ಕೆ ಹೋಗಬೇಕು.

1970ರ ಮಾರ್ಚ್ 21ರಂದು ಸ್ಯಾನ್ ಡಿಯೇಗೊದ ಯು.ಎಸ್. ಗ್ರಾಂಟ್ ಹೋಟೆಲಿನಲ್ಲಿ ಒಂದು ದಿನದ ಸಣ್ಣ ಸಭೆ ನಡೆಯಿತು. ಶೆಲ್ ಡಾರ್ಫ್ ಎಂಬ ಕಾಮಿಕ್ಸ್ ಹುಚ್ಚಿನ ಮನುಷ್ಯ, ಅವರ ಜೊತೆ ರಿಚರ್ಡ್ ಆಲ್ಫ್, ಮೈಕ್ ಟೌರಿಯಂಥ ಎಳೆಯ ಹುಡುಗರು, ಪುಸ್ತಕದಂಗಡಿಯ ಕೆನ್ ಕ್ರೂಗರ್. ಬಂದವರು ನೂರು ಚಿಲ್ಲರೆ. ಧೈರ್ಯ ಬಂತು. ಅದೇ ವರ್ಷ ಆಗಸ್ಟ್ 1ರಿಂದ 3ರವರೆಗೆ ಮೂರು ದಿನದ ಕಾರ್ಯಕ್ರಮ ಮಾಡಿದರು. ಆಗ ಸುಮಾರು 300 ಜನ ಬಂದರು. ಅತಿಥಿಗಳು ಯಾರು ಗೊತ್ತಾ? ಕಥೆಗಾರ ರೇ ಬ್ರಾಡ್‌ಬರಿ. ಜೊತೆಗೆ ಕ್ಯಾಪ್ಟನ್ ಅಮೆರಿಕ, ಹಲ್ಕ್ ಪಾತ್ರಗಳನ್ನು ಹುಟ್ಟುಹಾಕಿದವರಲ್ಲಿ ಒಬ್ಬರಾದ ಜಾಕ್ ಕರ್ಬಿ. 300 ಜನರ ನಡುವೆ ಇಂಥವರು! ಬೇಕಾದಷ್ಟು ಹೊತ್ತು ನಿಂತು ಮಾತಾಡಬಹುದಿತ್ತು.

ಆಮೇಲಿನ ವರ್ಷಗಳಲ್ಲಿ ಕಾರ್ಯಕ್ರಮ ಎಲ್ ಕೋರ್ಟೆಜ್ ಹೋಟೆಲಿಗೆ ಹೋಯಿತು. ಹಳಬರು ಇವತ್ತಿಗೂ ಪ್ರೀತಿಯಿಂದ ನೆನೆಯುವುದು ಆ ಹೋಟೆಲಿನ ಈಜುಕೊಳದ ದಂಡೆಯನ್ನು. ವೇದಿಕೆ ಮೇಲಿನ ಭಾಷಣ ಮುಗಿದ ಮೇಲೆ ಚಿತ್ರ ಬರೆಯುವವರು, ಓದುವವರು ಎಲ್ಲ ಅಲ್ಲೇ ಸುತ್ತ ಕೂತು ಹರಟುತ್ತಿದ್ದರು. ಅತಿಥಿ ಒಂದು ಕಡೆ, ಅಭಿಮಾನಿ ಇನ್ನೊಂದು ಕಡೆ ಅನ್ನುವ ಗೆರೆಯೇ ಇರಲಿಲ್ಲ.

1976ರಲ್ಲಿ ಒಂದು ಸಣ್ಣ ಘಟನೆ ನಡೆಯಿತು. ಇನ್ನೂ ಬಿಡುಗಡೆಯಾಗದ ಒಂದು ಸಿನಿಮಾದ ಪ್ರಚಾರಕ್ಕೆ ಚಾರ್ಲ್ಸ್ ಲಿಪಿನ್‌ಕಾಟ್ ಎಂಬುವರು ಬಂದು ಸ್ಲೈಡ್ ತೋರಿಸಿದರು. ಹೊವಾರ್ಡ್ ಚೇಕಿನ್ ಬರೆದ ಪೋಸ್ಟರನ್ನು 1.75 ಡಾಲರ್‌ಗೆ ಮಾರಿದರು. ಆ ಸಿನಿಮಾ ‘ಸ್ಟಾರ್ ವಾರ್ಸ್’. ಮರುವರ್ಷ ಅದು ಗೆದ್ದಿದ್ದು ಎಲ್ಲರಿಗೂ ಗೊತ್ತು. ಅಭಿಮಾನಿಗಳನ್ನು ಮೊದಲು ಒಲಿಸಿಕೊಂಡರೆ ಅವರೇ ಊರೆಲ್ಲ ಸಾರುತ್ತಾರೆ ಅನ್ನುವುದಕ್ಕೆ ಅದು ಒಳ್ಳೆಯ ಉದಾಹರಣೆ. ಹಾಲಿವುಡ್ ಈ ಪಾಠವನ್ನು ಪೂರ್ತಿ ಕಲಿಯುವುದಕ್ಕೆ ಇನ್ನೂ ಕಾಲು ಶತಮಾನ ಹಿಡಿಯಿತು. ಕಲಿತ ಮೇಲೆ ಮಾತ್ರ ಬಿಡಲಿಲ್ಲ.

1991ರಲ್ಲಿ ಕಾಮಿಕ್ ಕಾನ್ ಈಗಿರುವ ಕನ್ವೆನ್ಷನ್ ಸೆಂಟರಿಗೆ ಬಂದಾಗ ಜನ ಸುಮಾರು 15,000. 2000ದ ಹೊತ್ತಿಗೆ 48,000 ದಾಟಿತು. 2005ಕ್ಕೆ ಲಕ್ಷ ಮೀರಿತು. 2008ರಲ್ಲಿ ಮೊದಲ ಬಾರಿಗೆ, ಬಾಗಿಲು ತೆರೆಯುವ ಮೊದಲೇ ಎಲ್ಲ ದಿನಗಳ ಟಿಕೆಟ್ ಖಾಲಿಯಾದವು. ಕಟ್ಟಡ ಹಿಡಿಸುವಷ್ಟೇ ಜನರನ್ನು ಬಿಡಬೇಕು, ಅಗ್ನಿಶಾಮಕದವರ ನಿಯಮ ಮೀರುವ ಹಾಗಿಲ್ಲ. ಹಾಗಾಗಿ ಆಯೋಜಕರು 1,30,000ದ ಆಸುಪಾಸಿನಲ್ಲಿ ಗೆರೆ ಎಳೆದರು. ಅಂದರೆ ಹದಿನೈದು ವರ್ಷಕ್ಕೂ ಹೆಚ್ಚು ಕಾಲದಿಂದ ಈ ಜಾತ್ರೆ ಹೆಚ್ಚುಕಡಿಮೆ ಅಷ್ಟೇ ದೊಡ್ಡದಿದೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಸಂಖ್ಯೆಗಿಂತ ದೊಡ್ಡ ಬದಲಾವಣೆ ತಂದಿದ್ದು ಹಾಲ್ ಎಚ್. 2004ರಿಂದ ಕಾಮಿಕ್ ಕಾನ್ ಈ ಹಾಲನ್ನು ಬಳಸುತ್ತಿದೆ. ಸಿನಿಮಾ ಸ್ಟುಡಿಯೋಗಳು ತಾರೆಯರನ್ನು ಕರೆತಂದು, ಬೇರೆಲ್ಲೂ ತೋರಿಸದ ದೃಶ್ಯಗಳನ್ನು ತೋರಿಸುವುದು ಅಲ್ಲೇ. ಅಲ್ಲಿನ ಒಂದು ನಿಯಮ ನನ್ನ ಪ್ರಕಾರ ಇಡೀ ಸಮಸ್ಯೆಯ ಬೇರು. ಒಂದು ಗೋಷ್ಠಿ ಮುಗಿದ ಮೇಲೆ ಹಾಲ್ ಖಾಲಿ ಮಾಡಿಸುವುದಿಲ್ಲ. ಸಂಜೆ 5 ಗಂಟೆಯ ಗೋಷ್ಠಿ ಬೇಕಾದವರು ಬೆಳಗ್ಗೆಯೇ ಒಳಗೆ ಹೋಗಿ ಕೂರುತ್ತಾರೆ. ನಡುವಿನ ನಾಲ್ಕೈದು ಗೋಷ್ಠಿ ಅವರಿಗೆ ಬೇಕಾಗಿಲ್ಲ, ಆದರೂ ಏಳುವ ಹಾಗಿಲ್ಲ. ಹೊರಗೆ ಬಿಸಿಲಲ್ಲಿ ನಿಂತಿರುತ್ತಾರಲ್ಲ, ಅವರಿಗೆ 11 ಗಂಟೆಯ ಗೋಷ್ಠಿ ಅಂದರೆ ಪ್ರಾಣ. ಅವರಿಗೆ ಸೀಟಿಲ್ಲ. ಬೇಕಾದವರು ಹೊರಗೆ, ಬೇಡವಾದವರು ಒಳಗೆ. ಹಾಲ್ ಖಾಲಿ ಮಾಡಿಸಿದರೆ ಪ್ರತಿ ಸಲ 6,500 ಜನರನ್ನು ಹೊರಗೆ ಕಳಿಸಿ ಮತ್ತೆ ತುಂಬಬೇಕು, ಅಷ್ಟರಲ್ಲಿ ಅರ್ಧ ದಿನವೇ ಹೋಗುತ್ತದೆ. ಆ ಕಷ್ಟವೂ ನಿಜ.

ನಾವು ದೊಡ್ಡ ದೇವಸ್ಥಾನಗಳಲ್ಲಿ ದರ್ಶನದ ಸಾಲು ನೋಡಿದವರು. ಅಲ್ಲಿ ಸಾಲು ನಿಧಾನಕ್ಕಾದರೂ ಸರಿ, ಮುಂದಕ್ಕೆ ಹೋಗುತ್ತದೆ. ಗರ್ಭಗುಡಿ ಎದುರು ಯಾರನ್ನೂ ಸಂಜೆವರೆಗೆ ಕೂರಲು ಬಿಡುವುದಿಲ್ಲ. ಹಾಲ್ ಎಚ್‌ನಲ್ಲಿ ದರ್ಶನಕ್ಕೆ ಬಂದವರು ಅಲ್ಲೇ ಬಿಡಾರ ಹೂಡಬೇಕಾಗುತ್ತದೆ. ಹೀಗಾಗಿ ಸಾಲು ರಾತ್ರಿಗೆ ಚಾಚಿತು, ಆಮೇಲೆ ಹಿಂದಿನ ದಿನಕ್ಕೆ, ಕೆಲವು ವರ್ಷ ಎರಡು ಮೂರು ದಿನ ಹಿಂದಕ್ಕೂ ಹೋಯಿತು.

2010ರಲ್ಲಿ ಇದೇ ಹಾಲಿನಲ್ಲಿ ಸೀಟಿನ ವಿಷಯಕ್ಕೆ ಜಗಳವಾಗಿ ಒಬ್ಬ ಇನ್ನೊಬ್ಬನ ಕಣ್ಣಿನ ಹತ್ತಿರ ಪೆನ್ನಿನಿಂದ ತಿವಿದ. 2012ರಲ್ಲಿ ಆಗಿದ್ದು ಇದಕ್ಕಿಂತ ದೊಡ್ಡ ನೋವು. ‘ಟ್ವೈಲೈಟ್’ ಚಿತ್ರಸರಣಿಯ ಅಭಿಮಾನಿ ಮಹಿಳೆಯೊಬ್ಬರು ಕಾರ್ಯಕ್ರಮ ಶುರುವಾಗುವ ಮೊದಲೇ ಬಂದು ಸಾಲಿನಲ್ಲಿ ಕಾಯುತ್ತಿದ್ದರು. ಹತ್ತಿರದ ರಸ್ತೆ ದಾಟುವಾಗ ಕಾರು ಡಿಕ್ಕಿ ಹೊಡೆದು ತೀರಿಕೊಂಡರು. ಇಷ್ಟದ ಸಿನಿಮಾದವರನ್ನು ದೂರದಿಂದ ಒಮ್ಮೆ ನೋಡಬೇಕು ಅಂತ ಬಂದಿದ್ದ ಜೀವ. ಆ ವರ್ಷ ಜೊತೆಯ ಅಭಿಮಾನಿಗಳು ಅದೇ ದುಃಖದಲ್ಲಿ ಸಾಲಿನಲ್ಲಿ ನಿಂತರು.

ಆಯೋಜಕರು ಸುಮ್ಮನೆ ಕೂತಿರಲಿಲ್ಲ. 2014ರಲ್ಲಿ ಹಾಲ್ ಎಚ್‌ಗೆ ಕೈಪಟ್ಟಿ ಬಂತು. ಹಿಂದಿನ ಸಂಜೆಯೇ ಪಟ್ಟಿ ಹಂಚುವುದರಿಂದ ಯಾರಿಗೆ ಸೀಟು ಗ್ಯಾರಂಟಿ, ಯಾರಿಗೆ ಇಲ್ಲ ಅನ್ನುವುದಾದರೂ ತಿಳಿಯುತ್ತದೆ. ಗುಂಪಿನಲ್ಲಿ ಎಲ್ಲರೂ ರಾತ್ರಿ ಕಳೆಯಬೇಕಾಗಿಲ್ಲ, ಯಾರಾದರೂ ಒಬ್ಬರು ಇದ್ದರೆ ಸಾಕು. ಟಿಕೆಟ್ ಮಾರಾಟವೂ ಒಂದು ಥರ ಲಾಟರಿಯಾಯಿತು. ನಿಗದಿತ ಬೆಳಗ್ಗೆ ಎಲ್ಲರೂ ಆನ್‌ಲೈನ್ ಕಾಯುವ ಕೋಣೆಯಲ್ಲಿ ಸೇರಬೇಕು, ಕಂಪ್ಯೂಟರ್ ಯಾರನ್ನು ಮೊದಲು ಆರಿಸುತ್ತದೋ ಅವರಿಗೆ ಟಿಕೆಟ್. ಹೋಟೆಲ್ ರೂಮಿಗೂ ಇಂಥದ್ದೇ ಪರದಾಟ.

ದೊಡ್ಡ ಜಾಗಕ್ಕೆ ಹೋಗಬಹುದಿತ್ತಲ್ವಾ ಅಂತ ನೀವು ಕೇಳಬಹುದು. 2010ರಲ್ಲಿ ಲಾಸ್ ಏಂಜಲೀಸ್, ಅನಾಹೈಮ್ ಎರಡೂ ಊರುಗಳು ‘ನಮ್ಮಲ್ಲಿಗೆ ಬನ್ನಿ’ ಅಂತ ಕರೆದಿದ್ದವು. ಲಾಭಕ್ಕಾಗಿ ನಡೆಯದ ಈ ಸಂಸ್ಥೆ ಯೋಚನೆ ಮಾಡಿ ಸ್ಯಾನ್ ಡಿಯೇಗೊದಲ್ಲೇ ಉಳಿಯಿತು. ನನಗೆ ಆ ತೀರ್ಮಾನ ಸರಿ ಅನಿಸುತ್ತದೆ. ಹಾಲ್ ಇನ್ನೂ ದೊಡ್ಡದಾಗಿದ್ದರೆ ಸಾಲೂ ಅಷ್ಟೇ ಉದ್ದ ಬೆಳೆಯುತ್ತಿತ್ತು.

ಗೆರೆ ಎಳೆಯದೇ ಹೋದರೆ ಏನಾಗುತ್ತದೆ ಅನ್ನುವುದನ್ನೂ ಜನ ಕಂಡಿದ್ದಾರೆ. 2006ರ ಫೆಬ್ರುವರಿಯಲ್ಲಿ ನ್ಯೂಯಾರ್ಕಿನ ಮೊದಲ ಕಾಮಿಕ್ ಕಾನ್‌ನಲ್ಲಿ ಶನಿವಾರ ಜನ ಉಕ್ಕಿ ಬಂದು, ಟಿಕೆಟ್ ಇದ್ದವರೂ ಹೊರಗೇ ನಿಲ್ಲಬೇಕಾಯಿತು. 2012ರಲ್ಲಿ ಕೆನಡಾದ ಕ್ಯಾಲ್ಗರಿಯಲ್ಲೂ ಇದೇ ಕಥೆ.

ಹಾಗಾದರೆ ಜನ ಜಾಸ್ತಿಯಾದರೆ ಖುಷಿ ಕಡಿಮೆ, ಇಷ್ಟೇನಾ ಲೆಕ್ಕ? ಅಲ್ಲ. ಟೋಕಿಯೋಗೆ ಬನ್ನಿ.

ಅಲ್ಲಿನ ಕಾಮಿಕ್ ಮಾರ್ಕೆಟ್ ಅನ್ನು ಜನ ಪ್ರೀತಿಯಿಂದ ಕೊಮಿಕೆ ಅನ್ನುತ್ತಾರೆ. ಶುರುವಾಗಿದ್ದು 1975ರ ಡಿಸೆಂಬರ್ 21ರಂದು, ಕಾಮಿಕ್ಸ್ ಬರೆದು ಮಾರುವ 32 ಗುಂಪುಗಳು, ಸುಮಾರು 700 ಜನರೊಂದಿಗೆ. 1996ರಿಂದ ಟೋಕಿಯೋ ಬಿಗ್ ಸೈಟ್ ಎಂಬ ದೊಡ್ಡ ಪ್ರದರ್ಶನ ಕೇಂದ್ರದಲ್ಲಿ ವರ್ಷಕ್ಕೆರಡು ಸಲ, ಬೇಸಿಗೆಯಲ್ಲೊಮ್ಮೆ ವರ್ಷದ ಕೊನೆಗೊಮ್ಮೆ ನಡೆಯುತ್ತದೆ. 2019ರ ಡಿಸೆಂಬರಿನಲ್ಲಿ ನಾಲ್ಕು ದಿನದ ಲೆಕ್ಕ ಕೂಡಿಸಿದರೆ 7,50,000 ಜನ. ಸ್ಯಾನ್ ಡಿಯೇಗೊ ಇದರ ಮುಂದೆ ಸಣ್ಣದು.

ಕಷ್ಟ ಅಲ್ಲೂ ಇದೆ. 2013ರ ಬೇಸಿಗೆಯಲ್ಲಿ ಜನರ ಬೆವರಿನ ಆವಿ ಹಾಲಿನ ಚಾವಣಿ ಹತ್ತಿರ ಮಂಜಿನ ಹಾಗೆ ಕಟ್ಟಿಕೊಂಡಿತ್ತು. ರಾತ್ರಿಯೇ ಬಂದು ಸಾಲು ನಿಲ್ಲಬೇಡಿ ಎಂದು ಆಯೋಜಕರು ವರ್ಷಾನುಗಟ್ಟಲೆ ಬೇಡಿಕೊಳ್ಳುತ್ತಾ ಬಂದಿದ್ದಾರೆ. ಆದರೂ ಜನ ಮತ್ತೆ ಮತ್ತೆ ಬರುತ್ತಾರೆ, ಖುಷಿಯಿಂದ ಹೋಗುತ್ತಾರೆ. ಕಾರಣ ಅದರ ಕಟ್ಟೋಣದಲ್ಲೇ ಇದೆ.

ಕೊಮಿಕೆಯಲ್ಲಿ ಒಂದು ದೊಡ್ಡ ವೇದಿಕೆ ಅಂತ ಇಲ್ಲ. ಇರುವುದು ಸಾವಿರಾರು ಪುಟ್ಟ ಮೇಜುಗಳು. ತಾವೇ ಬರೆದು, ತಾವೇ ಅಚ್ಚು ಹಾಕಿಸಿದ ಪುಸ್ತಕಗಳನ್ನು ಇಟ್ಟುಕೊಂಡು ಜನ ಕೂತಿರುತ್ತಾರೆ. 2019ರಲ್ಲಿ ಇಂಥ ಗುಂಪುಗಳು ಮೂವತ್ತು ಸಾವಿರದ ಮೇಲಿದ್ದವು. ಮೇಜಿನ ಮೇಲೆ ಒಂದು ಮಾದರಿ ಪ್ರತಿ ಇರುತ್ತದೆ. ಕೇಳಿ, ತಿರುವಿ ನೋಡಿ, ಇಷ್ಟವಾದರೆ ಕೊಳ್ಳಬಹುದು. ಸಣ್ಣ ಮಾರಾಟಗಾರರ ಹತ್ತಿರ ಚಿಲ್ಲರೆ ಇರುವುದಿಲ್ಲ ಅಂತ, ಬರುವವರೇ 100 ಯೆನ್ ನಾಣ್ಯಗಳನ್ನು ಚೀಲದಲ್ಲಿ ತುಂಬಿಕೊಂಡು ಬರುತ್ತಾರೆ. ನಮ್ಮ ವಾರದ ಸಂತೆಯ ಹಾಗೆಯೇ.

ತುಂಬಾ ಹೆಸರು ಮಾಡಿದ ಗುಂಪುಗಳಿಗೆ ಗೋಡೆ ಪಕ್ಕದ ಮೇಜು ಕೊಡುತ್ತಾರೆ. ಅವರ ಮುಂದಿನ ಸಾಲನ್ನು ಶಟರ್ ಬಾಗಿಲಿನಿಂದ ಹೊರಗಿನ ಬಯಲಿಗೆ ತಿರುಗಿಸುತ್ತಾರೆ. ಆಗ ನಡುವಿನ ಸಣ್ಣ ಮೇಜುಗಳಿಗೆ ಆ ನೂಕುನುಗ್ಗಲು ತಟ್ಟುವುದಿಲ್ಲ. ಸಾಲಿನ ತುದಿಯಲ್ಲಿ ನಿಂತವರು ‘ಇದೇ ಕೊನೆ’ ಎಂಬ ಫಲಕ ಹಿಡಿದಿರುತ್ತಾರೆ. ಹಿಂದೆ ಇನ್ನೊಬ್ಬರು ಬಂದರೆ ಫಲಕ ಅವರ ಕೈಗೆ ಹೋಗುತ್ತದೆ. ಯಾರೂ ಹೇಳಿಕೊಡಬೇಕಾಗಿಲ್ಲ. ಇಲ್ಲಿ ಯಾರೂ ಗಿರಾಕಿಯಲ್ಲ, ಮಾರುವವರು, ಕೊಳ್ಳುವವರು, ಸ್ವಯಂಸೇವಕರು ಎಲ್ಲರೂ ಪಾಲುದಾರರೇ ಅನ್ನುವುದು ಕೊಮಿಕೆಯ ಮೂಲ ನಂಬಿಕೆ. ದಿನ ಮುಗಿಯಿತು ಅಂತ ಮೈಕಿನಲ್ಲಿ ಹೇಳಿದ ಕೂಡಲೇ ಇಡೀ ಹಾಲ್ ಚಪ್ಪಾಳೆ ತಟ್ಟುತ್ತದೆ. ಒಬ್ಬರು ಇನ್ನೊಬ್ಬರಿಗೆ ತಟ್ಟುವ ಚಪ್ಪಾಳೆ ಅದು. ಕೊರೊನಾ ನಂತರ, 2021ರ ಡಿಸೆಂಬರಿನಲ್ಲಿ ದಿನಕ್ಕೆ 55,000 ಎಂಬ ಮಿತಿ ಹಾಕಿಕೊಂಡು ಮತ್ತೆ ಶುರು ಮಾಡಿದಾಗಲೂ ಮೇಜುಗಳ ಈ ಪದ್ಧತಿ ಬದಲಾಗಲಿಲ್ಲ.

ಒಂದು ಕಡೆ ದರ್ಶನದ ಸಾಲು, ಇನ್ನೊಂದು ಕಡೆ ಸಂತೆ. ಸಂತೆಗೆ ಜನ ಜಾಸ್ತಿ ಬಂದರೆ ಕಾಲು ತುಳಿತಕ್ಕೆ ಸಿಗಬಹುದು, ಆದರೆ ಮೇಜುಗಳೂ ಜಾಸ್ತಿಯಾಗುತ್ತವೆ, ನೋಡುವುದಕ್ಕೂ ಜಾಸ್ತಿ ಇರುತ್ತದೆ. ದರ್ಶನಕ್ಕೆ ಜನ ಜಾಸ್ತಿ ಬಂದರೆ ಕಾಯುವುದೊಂದೇ ಜಾಸ್ತಿಯಾಗುವುದು.

ಇದು ಬರೀ ನನ್ನ ಊಹೆ ಅಲ್ಲ. 2023ರಲ್ಲಿ ಸ್ಯಾನ್ ಡಿಯೇಗೊದಲ್ಲಿ ಇದಕ್ಕೊಂದು ಪರೀಕ್ಷೆಯೇ ನಡೆಯಿತು. ಆ ಬೇಸಿಗೆಯಲ್ಲಿ ಹಾಲಿವುಡ್ ಬರಹಗಾರರು ಮುಷ್ಕರದಲ್ಲಿದ್ದರು. ಜುಲೈ 14ರಿಂದ ನಟರೂ ಸೇರಿಕೊಂಡರು. ಕಾಮಿಕ್ ಕಾನ್ ಶುರುವಾಗಬೇಕಿದ್ದು ಜುಲೈ 20ಕ್ಕೆ. ತಾರೆಯರು ಬರಲಿಲ್ಲ, ದೊಡ್ಡ ಸ್ಟುಡಿಯೋಗಳು ದೂರ ಉಳಿದವು. ಹಾಲ್ ಎಚ್ ಮುಂದಿನ ರಾತ್ರಿ ಬಿಡಾರಗಳೇ ಇಲ್ಲ. ಟಿಕೆಟ್ ಮೊದಲೇ ಮಾರಿಹೋಗಿದ್ದರಿಂದ ಜನ ಮಾತ್ರ ಎಂದಿನಷ್ಟೇ. ಆದರೆ ಬಂದವರು ಚಿತ್ರಕಾರರ ಮೇಜುಗಳ ನಡುವೆ ಅಡ್ಡಾಡಿದರು, ಹಳೆ ಪುಸ್ತಕಗಳ ಪೆಟ್ಟಿಗೆ ಹುಡುಕಿದರು, ಸಣ್ಣ ಗೋಷ್ಠಿಗಳಲ್ಲಿ ಕೂತರು. ಎಷ್ಟೋ ಜನ ಇದು ಹಳೆಯ ಕಾಮಿಕ್ ಕಾನ್ ಥರ ಇತ್ತು ಅಂದರು. ಕಟ್ಟಡ ಅದೇ, ಜನಸಂಖ್ಯೆಯೂ ಅದೇ. ಒಂದೇ ಬಾಗಿಲ ಕಡೆಗಿದ್ದ ಎಲ್ಲರ ಮುಖ ಆ ನಾಲ್ಕು ದಿನ ಬೇರೆ ಬೇರೆ ಕಡೆ ತಿರುಗಿತ್ತು, ಅಷ್ಟೇ. ಮುಷ್ಕರ ಮುಗಿದ ಮೇಲೆ ತಾರೆಯರು ವಾಪಸ್ ಬಂದರು, ಸಾಲೂ ಬಂತು.

ನಮ್ಮ ದೇಶಕ್ಕೆ ಕಾಮಿಕ್ ಕಾನ್ ಬಂದಿದ್ದು 2011ರ ಫೆಬ್ರುವರಿಯಲ್ಲಿ, ದೆಹಲಿಯ ದಿಲ್ಲಿ ಹಾಟ್‌ನಲ್ಲಿ. ಹಾಟ್ ಅಂದರೆ ಸಂತೆ. ಕರಕುಶಲ ವಸ್ತು ಮಾರುವ ಬಯಲಿನ ಅಂಗಡಿಸಾಲು ಅದು. ಅಲ್ಲಿ ಜೀವಮಾನ ಸಾಧನೆಯ ಪ್ರಶಸ್ತಿ ಪಡೆದವರು ನಮ್ಮ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ, ಅಮರ ಚಿತ್ರ ಕಥೆಯನ್ನು ಕಟ್ಟಿದವರು. ಪ್ರಶಸ್ತಿ ಸಿಕ್ಕಿದ್ದು ಫೆಬ್ರುವರಿ 19ಕ್ಕೆ. 24ಕ್ಕೆ ಅವರು ತೀರಿಕೊಂಡರು. ಮರುವರ್ಷ ಕಾಮಿಕ್ ಕಾನ್ ಬೆಂಗಳೂರಿಗೂ ಬಂತು.

ಈಗ ಬೆಂಗಳೂರಿನಲ್ಲಿ ಅದು ವೈಟ್‌ಫೀಲ್ಡ್ ಕಡೆಯ ದೊಡ್ಡ ಪ್ರದರ್ಶನ ಮೈದಾನದ ಮಟ್ಟಕ್ಕೆ ಬೆಳೆದಿದೆ. ಗೇಮಿಂಗ್ ಇದೆ, ಅನಿಮೆ ಎಂಬ ಜಪಾನಿ ಕಾರ್ಟೂನ್ ಇದೆ, ಟೀಶರ್ಟು ಆಟಿಕೆಗಳ ಮಳಿಗೆಗಳಿವೆ, ವೇಷ ಹಾಕಿ ಬರುವ ಹುಡುಗ ಹುಡುಗಿಯರ ಸಂಭ್ರಮ ಇದೆ. ಇನ್ನೂ ಬೆಳೆಯಲಿ, ನನಗೆ ಆಸೆಯೇ. ಬೆಳೆಯುವಾಗ ದೊಡ್ಡ ಸ್ಟೇಜಿಗೆ ಎಷ್ಟು ಜಾಗ, ಚಿತ್ರಕಾರರ ಮೇಜಿಗೆ ಎಷ್ಟು ಜಾಗ ಅನ್ನುವ ಲೆಕ್ಕ ಮಾತ್ರ ನಾವು ಅಭಿಮಾನಿಗಳೂ ಕೇಳುತ್ತಿರಬೇಕು. ನಾನು ಹೋದಾಗಲೆಲ್ಲ ಮೊದಲು ಆ ಮೇಜುಗಳ ಕಡೆಗೇ ಹೋಗುತ್ತೇನೆ.

ಒಂದು ಸಲ ಮಗಳ ಜೊತೆ ಹೋಗಿದ್ದೆ. ಬೇರೆ ರಾಜ್ಯದಿಂದ ಬಂದಿದ್ದ ಒಬ್ಬ ಚಿತ್ರಕಾರರ ಪುಸ್ತಕ ಕೊಂಡೆವು. ಅದರ ಮೇಲೆ ಅವಳ ಹೆಸರು ಕನ್ನಡದಲ್ಲೇ ಬೇಕು ಅಂತ ಅವಳ ಹಟ. ಅವರಿಗೆ ಕನ್ನಡ ಬಾರದು. ಅವಳು ಒಂದು ಚೀಟಿಯಲ್ಲಿ ಬರೆದು ತೋರಿಸಿದಳು. ಅವರು ಕನ್ನಡಕ ಸರಿಮಾಡಿಕೊಂಡು, ಒಂದೊಂದು ಅಕ್ಷರವನ್ನೂ ಚಿತ್ರ ಬರೆಯುವ ಹಾಗೆ ನಿಧಾನಕ್ಕೆ ಬರೆದರು. ಒತ್ತಕ್ಷರದ ಹತ್ತಿರ ನಿಂತು, ಇದು ಮೇಲಿನದಕ್ಕೆ ತಾಗಬೇಕಾ ಅಂತ ಅವಳನ್ನೇ ಕೇಳಿದರು. ನಮ್ಮ ಹಿಂದೆ ಮೂರು ಜನ ನಿಂತಿದ್ದರು. ಅವರೂ ಬಗ್ಗಿ ನೋಡುತ್ತಿದ್ದರು.