ಸೀರಿಯಲ್ ಪೋರ್ಟ್‌ಗೆ ವೈಫೈ: ಪುಟ್ಟ ಬೋರ್ಡು ಎಡವುವುದೆಲ್ಲಿ?

ಪಿಎಲ್‌ಸಿ (ಕಾರ್ಖಾನೆ ಯಂತ್ರಗಳ ನಿಯಂತ್ರಕ), ಯುಪಿಎಸ್, ನೆಟ್‌ವರ್ಕ್ ಸ್ವಿಚ್, ಹಳೆಯ ತೂಕದ ಯಂತ್ರ: ಇಂಥವುಗಳ ಹಿಂಬದಿಯಲ್ಲಿ ಇನ್ನೂ ಸೀರಿಯಲ್ ಪೋರ್ಟ್ ಸಿಗುತ್ತದೆ. ಪಕ್ಕದಲ್ಲಿ ಕೂತು ಕೇಬಲ್ ಸಿಕ್ಕಿಸಿದರೆ ತಕರಾರಿಲ್ಲ. ದೂರದಿಂದ ನೋಡಬೇಕೆಂದಾಗ ಒಬ್ಬರು ‘ಚಿಕ್ಕ ವೈಫೈ ಬೋರ್ಡು ಸಾಕು’ ಎನ್ನುತ್ತಾರೆ, ಇನ್ನೊಬ್ಬರು ‘ಅದನ್ನು ನಂಬಬೇಡಿ’ ಎನ್ನುತ್ತಾರೆ. ಇಬ್ಬರ ಮಾತೂ ನಿಜ.

ಈ ಪೋರ್ಟ್‌ನ ಮಾನದಂಡವಾದ ಆರ್‌ಎಸ್-232 ಬಂದದ್ದು 1960ರಲ್ಲಿ, ಬಹುಕಾಲ ಬಾಳಿದ ‘ಸಿ’ ಆವೃತ್ತಿ 1969ರಲ್ಲಿ. ಎಂಬತ್ತರ ದಶಕದ ಟರ್ಮಿನಲ್ ಸರ್ವರ್‌ಗಳು ಈ ಪೋರ್ಟ್‌ಗಳನ್ನು ಈಥರ್ನೆಟ್‌ಗೆ ಏರಿಸಿದವು. ಬಾಡ್ ದರ (ತಂತಿಯ ವೇಗ), ಪ್ಯಾರಿಟಿ (ತಪ್ಪು ಪತ್ತೆಯ ಬಿಟ್), ಬ್ರೇಕ್ (ಆಚೆಯ ಸಾಧನದ ಗಮನ ಸೆಳೆಯುವ ಸಂಕೇತ) ಇವನ್ನು ಟೆಲ್ನೆಟ್ (ದೂರದ ಯಂತ್ರದೊಡನೆ ಅಕ್ಷರಗಳಲ್ಲಿ ಮಾತಾಡುವ ಕ್ರಮ) ಒಳಗೇ ಸಾಗಿಸುವ ಕ್ರಮವನ್ನು 1997ರ ಆರ್‌ಎಫ್‌ಸಿ 2217 ಎಂಬ ಇಂಟರ್ನೆಟ್ ದಾಖಲೆ ಹಾಕಿಕೊಟ್ಟಿತು. ಕಷ್ಟದ ಕೆಲಸವೆಲ್ಲ ಅಲ್ಲಿಗೆ ಮುಗಿದಿತ್ತು. ಆದರೆ ಒಂದೇ ಪೋರ್ಟ್ ಬೇಕಾದವರಿಗೆ ಆ ಪೆಟ್ಟಿಗೆ ದುಬಾರಿ.

2014ರಲ್ಲಿ ಇಎಸ್‌ಪಿ8266 ಎಂಬ ಅಗ್ಗದ ವೈಫೈ ಚಿಪ್ ಬಂತು. ಟಿಸಿಪಿಯಲ್ಲಿ (ಜಾಲದ ಸಂಪರ್ಕದಲ್ಲಿ) ಬಂದ ಬೈಟನ್ನು ಯುಎಆರ್‌ಟಿಗೆ (ಚಿಪ್‌ನ ಸೀರಿಯಲ್ ಭಾಗಕ್ಕೆ), ಅಲ್ಲಿ ಬಂದದ್ದನ್ನು ಇತ್ತ ದಾಟಿಸುವ ಚುಟುಕು ಕೋಡ್ ಎಲ್ಲೆಡೆ ಹರಡಿತು. ಅದರಲ್ಲಿ ಬಾಡ್ ಬದಲಿಸುವ ದಾರಿಯಿಲ್ಲ, ಬ್ರೇಕ್ ಕಳಿಸುವ ದಾರಿಯಿಲ್ಲ. ಹಿಂದಿನವರು ಬಿಡಿಸಿಟ್ಟ ಗಂಟುಗಳು ಮತ್ತೆ ಬಿದ್ದವು.

ವೋಲ್ಟೇಜ್ ಮಾತು ಬೇಗ ಮುಗಿಯುತ್ತದೆ. ಬೋರ್ಡಿನ ಪಿನ್ 3.3 ವೋಲ್ಟಿನದು, ಆರ್‌ಎಸ್-232 ತಂತಿಯಲ್ಲಿ ±15 ವೋಲ್ಟ್‌ವರೆಗೂ ಇರಬಹುದು. ನಡುವೆ ವೋಲ್ಟೇಜ್ ಬದಲಿಸುವ ಮ್ಯಾಕ್ಸ್3232 ಚಿಪ್ ಮತ್ತು 0.1 ಮೈಕ್ರೊಫ್ಯಾರಡ್‌ನ 4 ಕೆಪಾಸಿಟರ್ ಬೇಕೇ ಬೇಕು. ಹಳೆಯ ಮ್ಯಾಕ್ಸ್232 ನಡೆಯುವುದು 5 ವೋಲ್ಟ್‌ನಲ್ಲಿ, ಹಾಗಾಗಿ ಇಲ್ಲಿಗೆ ಹೊಂದುವುದಿಲ್ಲ.

ನಿಜವಾದ ಫಜೀತಿ ಇರುವುದು ಬೂಟ್‌ನಲ್ಲಿ. ಕರೆಂಟ್ ಬಂದ ಕೂಡಲೇ ಇಎಸ್‌ಪಿ8266ರ ಆರ್‌ಒಎಂ (ಚಿಪ್‌ನಲ್ಲೇ ಅಚ್ಚಾದ ಕೋಡ್), ನಮ್ಮ ಪ್ರೋಗ್ರಾಂ ಶುರುವಾಗುವ ಮೊದಲೇ, 74880 ಬಾಡ್‌ನಲ್ಲಿ ತನ್ನ ಬೂಟ್ ಸಂದೇಶವನ್ನು ಟಿಎಕ್ಸ್ (ಕಳಿಸುವ) ಪಿನ್‌ಗೆ ಕಕ್ಕುತ್ತದೆ. ಆ ತುದಿಯಲ್ಲಿ ಯು-ಬೂಟ್ (ಲಿನಕ್ಸನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಂ) ಇರುವ ಲಿನಕ್ಸ್ ಬೋರ್ಡಿದ್ದರೆ, ‘ಯಾವುದಾದರೂ ಕೀ ಒತ್ತಿದರೆ ಬೂಟ್ ನಿಲ್ಲುತ್ತದೆ’ ಎನ್ನುವ ಕ್ಷಣದಲ್ಲಿ ಈ ಕಸವನ್ನೇ ಕೀ ಎಂದು ತಿಳಿದು ಪ್ರಾಂಪ್ಟ್‌ನಲ್ಲಿ ಕೂತುಬಿಡಬಹುದು. ಕರೆಂಟ್ ಹೋಗಿ ಬಂದಾಗ ಎರಡೂ ಒಟ್ಟಿಗೆ ಏಳುತ್ತವಲ್ಲ, ಪೆಟ್ಟು ಬೀಳುವುದು ಆಗಲೇ.

ಯುಎಆರ್‌ಟಿಯನ್ನು ಜಿಪಿಐಒ (ನಾವೇ ಬಳಸಬಹುದಾದ ಪಿನ್) 13 ಮತ್ತು 15ಕ್ಕೆ ಬದಲಿಸಿ ಎನ್ನುವುದು ಇದಕ್ಕೆ ಎಲ್ಲರೂ ಕೊಡುವ ಸಲಹೆ. ಅರ್ಧ ಪರಿಹಾರ. ಬೋರ್ಡು ಬೂಟ್ ಆಗಲು 15ನೇ ಪಿನ್ ಕೆಳಮಟ್ಟದಲ್ಲಿರಲೇಬೇಕು. ಸುಮ್ಮನಿರುವ ಸೀರಿಯಲ್ ತಂತಿಯೋ ಬೋರ್ಡಿನ ಬದಿಯಲ್ಲಿ ಮೇಲ್ಮಟ್ಟದಲ್ಲಿರಬೇಕು. ಅಷ್ಟು ಹೊತ್ತು ಕೆಳಗಿದ್ದರೆ ಆಚೆಯ ಸಾಧನ ಅದನ್ನು ಬ್ರೇಕ್ ಎಂದೇ ಓದುತ್ತದೆ. ಕನ್ಸೋಲ್‌ನಲ್ಲಿ ಬ್ರೇಕ್ ಕಂಡರೆ ನಡೆಯುತ್ತಿರುವ ವ್ಯವಸ್ಥೆಯನ್ನೇ ನಿಲ್ಲಿಸುವುದು ಹಳೆಯ ಸನ್ ಯಂತ್ರಗಳ ಹೆಸರಾಂತ ಚಾಳಿ. ಹೊಸದಾಗಿ ಕಟ್ಟುವವರು ಅದರ ನಂತರದ ಚಿಪ್ ಇಎಸ್‌ಪಿ32 ಹಿಡಿಯುವುದೇ ವಾಸಿ: ಬೂಟ್ ಸಂದೇಶಗಳು ಯುಎಆರ್‌ಟಿ0ಯಲ್ಲಿ ಉಳಿಯಲಿ, ಸಾಧನವನ್ನು ಯುಎಆರ್‌ಟಿ2ಕ್ಕೆ ಜೋಡಿಸಿ, ಬೂಟ್ ಹೊತ್ತಿನಲ್ಲೂ ತಂತಿ ಮೇಲ್ಮಟ್ಟದಲ್ಲಿರಲು ಅದರ ಟಿಎಕ್ಸ್‌ಗೆ 10 ಕಿಲೊಓಮ್ ರೆಸಿಸ್ಟರನ್ನು 3.3 ವೋಲ್ಟ್‌ಗೆ ಕಟ್ಟಿ.

ಅಕ್ಷರ ಕಳೆದುಹೋಗುವುದು ಇನ್ನೊಂದು ದೂರು. 115200 ಬಾಡ್ ಎಂದರೆ, ಬೈಟಿಗೆ 10 ಬಿಟ್ ಲೆಕ್ಕದಲ್ಲಿ, ಸೆಕೆಂಡಿಗೆ 11520 ಬೈಟ್. 128 ಬೈಟ್‌ಗಳ ಹಾರ್ಡ್‌ವೇರ್ ಬಫರ್ (ತಾತ್ಕಾಲಿಕ ಸಂಗ್ರಹ) 11 ಮಿಲಿಸೆಕೆಂಡಿನಲ್ಲಿ ತುಂಬುತ್ತದೆ. ವೈಫೈ ಅದಕ್ಕಿಂತ ಹೆಚ್ಚು ಹೊತ್ತು ತಡವರಿಸುವುದು ಮಾಮೂಲು. ಸಾಫ್ಟ್‌ವೇರ್ ಬಫರನ್ನು 4096 ಬೈಟ್‌ಗೆ ಏರಿಸಿದರೆ ಸುಮಾರು 355 ಮಿಲಿಸೆಕೆಂಡ್ ಉಸಿರಾಡಲು ಸಿಗುತ್ತದೆ. ‘ತಡೆ’, ‘ಕಳಿಸು’ ಎಂದು ತಿಳಿಸುವ ಆರ್‌ಟಿಎಸ್-ಸಿಟಿಎಸ್ ತಂತಿಗಳಿದ್ದರೆ ಅವನ್ನೂ ಎಳೆಯಿರಿ.

ಮಾಡ್‌ಬಸ್ ಆರ್‌ಟಿಯು (ಕಾರ್ಖಾನೆ ಸಾಧನಗಳು ಸೀರಿಯಲ್ ತಂತಿಯಲ್ಲಿ ಮಾತಾಡುವ ಕ್ರಮ) ಇದ್ದಲ್ಲಿ ಬಫರ್ ಹಿಗ್ಗಿಸಿ ಪ್ರಯೋಜನವಿಲ್ಲ. ಅಲ್ಲಿ ಸಂದೇಶ ಮುಗಿಯಿತೆಂದು ಗೊತ್ತಾಗುವುದು 3.5 ಅಕ್ಷರದಷ್ಟು ಮೌನದಿಂದ, 9600 ಬಾಡ್‌ನಲ್ಲಿ ಸುಮಾರು 4 ಮಿಲಿಸೆಕೆಂಡ್. ಟಿಸಿಪಿ ಆ ಮೌನವನ್ನು ಉಳಿಸಿಕೊಡುವುದಿಲ್ಲ. ಬೋರ್ಡಿನಲ್ಲೇ ಅದನ್ನು ಮಾಡ್‌ಬಸ್ ಟಿಸಿಪಿಗೆ (ಅದರ ಜಾಲದ ರೂಪಕ್ಕೆ) ಪರಿವರ್ತಿಸಬೇಕು.

ಇಷ್ಟೆಲ್ಲ ಸರಿಮಾಡಿದವರೂ ಬಾಗಿಲನ್ನು ಮರೆಯುತ್ತಾರೆ. 23ನೇ ಪೋರ್ಟ್‌ನಲ್ಲಿ ಪಾಸ್‌ವರ್ಡ್ ಇಲ್ಲದ ಟೆಲ್ನೆಟ್ ಎಂದರೆ, ಲಾಗಿನ್ ಆಗಿಯೇ ಬಿಟ್ಟುಹೋದ ಕನ್ಸೋಲ್ ಆ ಜಾಲದಲ್ಲಿರುವ ಯಾರಿಗಾದರೂ ಸಿಕ್ಕಂತೆ. ಬೋರ್ಡುಗಳನ್ನು ಬೇರೆ ವಿಲ್ಯಾನ್‌ಗೆ (ಪ್ರತ್ಯೇಕಿಸಿದ ಒಳಜಾಲಕ್ಕೆ) ಹಾಕಿ, ಒಂದೇ ಒಂದು ಲಿನಕ್ಸ್ ಯಂತ್ರಕ್ಕೆ ಮಾತ್ರ ಅಲ್ಲಿಗೆ ದಾರಿ ಕೊಟ್ಟು, ಆ ಯಂತ್ರಕ್ಕೆ ಎಸ್‌ಎಸ್‌ಎಚ್ ಅಥವಾ ವೈರ್‌ಗಾರ್ಡ್‌ನಂಥ ಗೂಢಲಿಪಿಯ ಸಂಪರ್ಕದ ಮೂಲಕ ಬನ್ನಿ. ಬಳಕೆಯಿಲ್ಲದೆ 10 ನಿಮಿಷ ಕಳೆದರೆ ಸಂಪರ್ಕ ತಾನಾಗಿ ಕಡಿಯುವಂತೆ ಫರ್ಮ್‌ವೇರ್‌ನಲ್ಲೇ ಬರೆದಿಡಿ. ಇಲ್ಲದಿದ್ದರೆ ಸತ್ತ ಸಂಪರ್ಕವೊಂದು ಪೋರ್ಟನ್ನು ಹಿಡಿದುಕೊಂಡೇ ಇರುತ್ತದೆ, ಅದನ್ನು ಬಿಡಿಸಲು ಆ ಜಾಗಕ್ಕೇ ಹೋಗಬೇಕಾಗುತ್ತದೆ.