ಅರಳದ ದಾಸವಾಳಕ್ಕೆ ಔಷಧ ಬೇಕಿಲ್ಲ

ಮಳೆಗಾಲ ಬಂತೆಂದರೆ ಧಾರವಾಡದ ನಮ್ಮ ನರ್ಸರಿಗೆ ಒಂದು ದೂರು ತಪ್ಪದೇ ಬರುತ್ತದೆ: 'ದಾಸವಾಳ ಹಚ್ಚಿದ್ದೇವೆ, ಮೈತುಂಬ ಮೊಗ್ಗು, ಒಂದೂ ಅರಳುವುದಿಲ್ಲ.' ಕಳೆದ ಸಲ ಹುಬ್ಬಳ್ಳಿಯ ನಿವೃತ್ತ ಶಿಕ್ಷಕರೊಬ್ಬರು ಎರಡು ಬಾಟಲಿ ಹಾರ್ಮೋನ್ ಸಿಂಪಡಿಸಿಯೇ ಬಂದಿದ್ದರು. ಚೀಲದಿಂದ ಅವರು ತೆಗೆದ ಟೊಂಗೆಯಲ್ಲಿ ಕೆಂಪು ಹೂಗಳು ಮಡಚಿದ ಕೊಡೆಯಂತೆ ಕೆಳಮುಖವಾಗಿ ತೂಗುತ್ತಿದ್ದವು. ಅವು ಮೊಗ್ಗುಗಳಲ್ಲ, ಪೂರ್ತಿ ಬಲಿತ ಹೂಗಳು. ಇದಕ್ಕಿಂತ ಹೆಚ್ಚು ಅವು ಅರಳುವುದೇ ಇಲ್ಲ.

ಇದು ದಾಸವಾಳದ ದಾಯಾದಿ, ಮಾಲ್ವಾವಿಸ್ಕಸ್ ಕುಲದ ಪೊದೆ. ತವರು ಮೆಕ್ಸಿಕೊ, ಮಧ್ಯ ಅಮೆರಿಕದ ಕಡೆ. ಹತ್ತಿ, ಬೆಂಡೆಗಳೂ ಇದೇ ಮನೆತನದವು. ತಮಾಷೆಯೆಂದರೆ, ನಾವು ರೊಟ್ಟಿಯೊಂದಿಗೆ ತಿನ್ನುವ ಪುಂಡಿಪಲ್ಯ ಅಪ್ಪಟ ದಾಸವಾಳ ಕುಲದ್ದು; ದಾಸವಾಳವೆಂದು ಮಾರಾಟವಾಗುವ ಈ ಗಿಡ ಆ ಕುಲದ್ದಲ್ಲ.

ತವರಿನಲ್ಲಿ ಇದರ ಗಿರಾಕಿ ಸೂಜಿಕೊಕ್ಕಿನ ಹಮ್ಮಿಂಗ್‌ಬರ್ಡ್. ಸುತ್ತಿಕೊಂಡ ಎಸಳುಗಳೇ ಮಕರಂದದ ಕೊಳವೆ, ಬಿಚ್ಚಿ ತೋರಿಸುವ ಅಗತ್ಯವೇ ಬೀಳಲಿಲ್ಲ. ಇಲ್ಲಿ ಆ ಜಾಗಕ್ಕೆ ಸೂರಕ್ಕಿ ಬರುತ್ತದೆ. ಎಷ್ಟೋ ಸಲ ಹೂವಿನ ಬುಡಕ್ಕೇ ತೂತು ಹಾಕಿ, ಪರಾಗ ಮುಟ್ಟದೆ ಹೀರಿ ಹೋಗುತ್ತದೆ. ಕಳ್ಳನಾದರೂ ನೋಡಲು ಚೆಂದ. ಇನ್ನೂ ಅನುಮಾನವಿದ್ದವರು ಹೊರಚಾಚಿದ ಕೇಸರದಂಡದ ತುದಿಯನ್ನು ಮಸೂರದಲ್ಲಿ ನೋಡಿ ಎಣಿಸಲಿ: ದಾಸವಾಳಕ್ಕೆ ಶಲಾಕಾಗ್ರ (ಪರಾಗ ಅಂಟಿಕೊಳ್ಳುವ ಪುಟ್ಟ ತುದಿ) 5, ಇದಕ್ಕೆ 10.

ತೋಟಗಳಲ್ಲಿ ಕಾಯಿ ಕಟ್ಟುವುದು ಅಪರೂಪ, ಹಾಗಾಗಿ ಟೊಂಗೆಯಿಂದಲೇ ಸಸಿ ಮಾಡಬೇಕು. ಪೆನ್ಸಿಲ್ ದಪ್ಪದ, ಗೇಣುದ್ದದ ತುಂಡನ್ನು ಜಿಟಿಜಿಟಿ ಮಳೆಯಲ್ಲಿ ಊರಿದರೆ ಧಾರವಾಡದ ಮಸಾರಿ (ಕೆಂಪು) ಮಣ್ಣಿನಲ್ಲಿ ಸುಲಭವಾಗಿ ಬೇರು ಬಿಡುತ್ತದೆ. ಗದಗ, ನವಲಗುಂದದ ಎರೆಮಣ್ಣಿನಲ್ಲಿ ನೀರು ನಿಂತು ಕೊಳೆಯುವ ಭಯವಿದೆ; ಅಲ್ಲಿ ಮಡಿ ಏರಿಸಿ ಹಚ್ಚಿ. ಹೂ ಬರುವುದು ಹೊಸ ಚಿಗುರಿನಲ್ಲಿ. ತಿಂಗಳು ತಿಂಗಳೂ ಪೆಟ್ಟಿಗೆಯಂತೆ ಕತ್ತರಿಸುವವರಿಗೆ ಎಲೆಯಷ್ಟೇ ದಕ್ಕುತ್ತದೆ.

ನಿಜವಾದ ಕಾಟ ಹಿಟ್ಟು ತಿಗಣೆಯದು. ಚಿಗುರು ಮುರುಟಿ ಬಿಳಿ ಹಿಟ್ಟು ಅಂಟಿದ್ದರೆ ಆ ತುದಿಯನ್ನು ಕತ್ತರಿಸಿ ಸುಟ್ಟುಬಿಡಿ, ಉಳಿದದ್ದಕ್ಕೆ ಸಾಬೂನು ಬೆರೆಸಿದ ಬೇವಿನೆಣ್ಣೆ ಸಿಂಪಡಿಸಿ, ಇರುವೆ ಹತ್ತದಂತೆ ನೋಡಿಕೊಳ್ಳಿ. ಹತ್ತಿಯನ್ನು ಕಾಡುವ ಹಿಟ್ಟು ತಿಗಣೆ ದಾಸವಾಳದ ಬಳಗವನ್ನೂ ಬಿಡುವುದಿಲ್ಲ. ಹಾವೇರಿಯ ರೈತರೊಬ್ಬರು ಹತ್ತಿ ಹೊಲಕ್ಕೆ ಇದರ ಬೇಲಿ ಹಚ್ಚಲು ನೂರು ಸಸಿ ಕೇಳಿದರು. ವ್ಯಾಪಾರ ಹೋದರೂ ಸರಿ, ಕೊಡಲಿಲ್ಲ.