ಎಸ್‌ಡಿಬಿ ಅಂದರೆ ಪೆನ್‌ಡ್ರೈವ್ ತಾನೆ?

"ಸಾರ್, ಲಿನಕ್ಸ್‌ನಲ್ಲಿ ಪೆನ್‌ಡ್ರೈವ್ ಹಾಕಿದ್ದೀನಿ. ಅದು ಎಸ್‌ಡಿಬಿ ತಾನೆ? ಡಿಡಿ ಕಮಾಂಡ್ ಕೊಟ್ಟುಬಿಡಲಾ?"

ತಡೀರಿ, ಎಂಟರ್ ಒತ್ತಬೇಡಿ. ಎಸ್‌ಡಿಎ, ಎಸ್‌ಡಿಬಿ ಎಂಬವು ಲಿನಕ್ಸ್ ಡಿಸ್ಕುಗಳಿಗೆ ಇಡುವ ಹೆಸರು; ಡಿಡಿ ಅಂದರೆ ಡೇಟಾವನ್ನು ಇದ್ದ ಹಾಗೇ ನಕಲು ಮಾಡುವ ಕಮಾಂಡ್. ಅದು 'ಖಚಿತವೇ?' ಎಂದು ಕೇಳುವುದಿಲ್ಲ. ಹೇಳಿದ ಡಿಸ್ಕಿನ ಮೇಲೆ ಬರೆದು ಮುಗಿಸುತ್ತದೆ, ಅಷ್ಟೆ.

ಎಸ್‌ಡಿಎ ಒಳಗಿನ ಡಿಸ್ಕು, ಎಸ್‌ಡಿಬಿ ಹೊರಗಿನದು ಅನ್ನೋ ನಂಬಿಕೆ ಎಷ್ಟು ಹೊಡೆದರೂ ಸಾಯುತ್ತಿಲ್ಲ. ಈ ಎ, ಬಿ, ಸಿಗಳು ಟೋಕನ್ ಇದ್ದ ಹಾಗೆ. ಲಿನಕ್ಸ್‌ನ ತಿರುಳಾದ ಕರ್ನಲ್ ಕಣ್ಣಿಗೆ ಮೊದಲು ಬಿದ್ದವರಿಗೆ ಮೊದಲ ಅಕ್ಷರ. ನಾಳೆ ಬೂಟ್ ಮಾಡಿದಾಗ ಸರದಿ ಬದಲಾದರೆ ಹೆಸರೂ ಬದಲು. 'ಎಸ್‌ಡಿ' ಬಂದದ್ದು ಸ್ಕಸಿ (ಡಿಸ್ಕ್ ಜೋಡಿಸುವ ಹಳೆಯ ಪದ್ಧತಿ) ಡಿಸ್ಕ್ ಎಂಬುದರಿಂದ. ಸಾಟಾ (ಕಂಪ್ಯೂಟರ್ ಒಳಗೆ ಡಿಸ್ಕ್ ಜೋಡಿಸುವ ಕೊಂಡಿ) ಡಿಸ್ಕೂ ಯುಎಸ್‌ಬಿ ಡಿಸ್ಕೂ ಕರ್ನಲ್ಲಿನ ಅದೇ ಸ್ಕಸಿ ಬಾಗಿಲಿನಿಂದ ಒಳಗೆ ಬರುತ್ತವೆ. ಅಂದಮೇಲೆ ಹೆಸರು ನೋಡಿ ಒಳಗಿನದೋ ಹೊರಗಿನದೋ ಹೇಳುವುದೆಲ್ಲಿ? ಎನ್‌ವಿಎಂಇ (ವೇಗದ ಎಸ್‌ಎಸ್‌ಡಿ ಬಗೆ) ಇರುವ ಲ್ಯಾಪ್‌ಟಾಪಿನಲ್ಲಂತೂ ಒಳಗಿನ ಡಿಸ್ಕಿನ ಹೆಸರು ಎನ್‌ವಿಎಂಇ೦ಎನ್೧; ಬೇರೆ ಸಾಟಾ ಡಿಸ್ಕ್ ಇಲ್ಲದಿದ್ದರೆ ನೀವು ಹಾಕಿದ ಮೊದಲ ಪೆನ್‌ಡ್ರೈವೇ ಎಸ್‌ಡಿಎ! ಬೂಟ್ ಆಗುವಾಗ ಯಾವ ಡಿಸ್ಕನ್ನು ಎಲ್ಲಿ ಜೋಡಿಸಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಇಂಥ ಹೆಸರು ಬರೆದಿಟ್ಟು, ಇನ್ನೊಂದು ಡಿಸ್ಕ್ ಸೇರಿಸಿದ ದಿನ "ಸಿಸ್ಟಮ್ ಏಳ್ತಾನೇ ಇಲ್ಲ" ಅಂತ ಬರುವವರೂ ಇದೇ ನಂಬಿಕೆಯವರು.

ಸರಿ, ಗುರುತಿಸೋದು ಹೇಗೆ? ಪೆನ್‌ಡ್ರೈವ್ ಹಾಕುವ ಮುಂಚೆ ಒಮ್ಮೆ, ಹಾಕಿದ ಮೇಲೆ ಒಮ್ಮೆ ಡಿಸ್ಕುಗಳ ಪಟ್ಟಿ ತೋರಿಸುವ ಎಲ್‌ಎಸ್‌ಬಿಎಲ್‌ಕೆ ಕಮಾಂಡ್ ಓಡಿಸಿ. ಹೊಸದಾಗಿ ಕಂಡದ್ದೇ ನಿಮ್ಮದು. ಅದಕ್ಕೇ ಮೈನಸ್ ಓ ಕೊಟ್ಟು ನೇಮ್, ಸೈಜ್, ಮಾಡೆಲ್, ಸೀರಿಯಲ್, ಟ್ರಾನ್ ಕಾಲಂಗಳನ್ನು ಕೇಳಿದರೆ ಇನ್ನೂ ಗಟ್ಟಿ. ಟ್ರಾನ್ ಕಾಲಂನಲ್ಲಿ ಯುಎಸ್‌ಬಿಯೋ ಸಾಟಾವೋ ಬರೆದೇ ಇರುತ್ತದೆ. ಸ್ಕ್ರಿಪ್ಟ್ ಬರೆಯುವವರು ಡೆವ್ ಒಳಗಿನ ಡಿಸ್ಕ್ ಫೋಲ್ಡರಿನಲ್ಲಿ ಬೈ-ಐಡಿ ನೋಡಿ. ಅಲ್ಲಿನ ಹೆಸರು ಮಾಡೆಲ್ಲು, ಸೀರಿಯಲ್ ನಂಬರಿನಿಂದ ಆದದ್ದು, ಸರದಿ ಬದಲಾದರೂ ಕದಲುವುದಿಲ್ಲ. (ಕೆಲವು ಯುಎಸ್‌ಬಿ ಡಬ್ಬಿಗಳು ಒಳಗಿನ ಡಿಸ್ಕಿನ ಹೆಸರು ಮುಚ್ಚಿಟ್ಟು ತಮ್ಮದೇ ಹೇಳುತ್ತವೆ, ಹುಷಾರು.)

ಯುಯುಐಡಿ (ಒಂದೊಂದಕ್ಕೂ ಬೇರೆಬೇರೆಯಾಗಿ ಕೊಡುವ ಉದ್ದನೆಯ ಗುರುತು) ಸಾಲದೇ ಎನ್ನಬಹುದು. ಮೌಂಟ್ ಮಾಡಲು, ಅಂದರೆ ಡಿಸ್ಕಿನ ಫೈಲುಗಳನ್ನು ಬಳಕೆಗೆ ತೆರೆದುಕೊಳ್ಳಲು, ಸಾಕು. ಆದರೆ ಅದು ಡಿಸ್ಕಿನದಲ್ಲ, ಅದರ ಮೇಲೆ ಫೈಲುಗಳನ್ನು ಜೋಡಿಸಿಡುವ ಫೈಲ್‌ಸಿಸ್ಟಮ್‌ನದು. ಡಿಡಿಯಿಂದ ನಕಲು ಮಾಡಿದರೆ ಎರಡು ಡಿಸ್ಕಿಗೂ ಒಂದೇ ಯುಯುಐಡಿ.

ಅಂದಹಾಗೆ, ಎಲ್‌ಎಸ್‌ಬಿಎಲ್‌ಕೆ ನಿಮ್ಮ 1 ಟಿಬಿ ಡಿಸ್ಕನ್ನು 931.5 ಜಿ ಎಂದು ತೋರಿಸಿದರೆ ಮೋಸವಾಯಿತು ಅನ್ನಬೇಡಿ. ತಯಾರಕರು ಸಾವಿರದಿಂದ ಗುಣಿಸುತ್ತಾರೆ, ಇದು 1024ರಿಂದ ಭಾಗಿಸುತ್ತದೆ. ಮೈನಸ್ ಬಿ ಕೊಟ್ಟು ಬೈಟ್ ಲೆಕ್ಕ ಕೇಳಿ. ಸಾಮಾನ್ಯವಾಗಿ 10,00,20,48,86,016 ಬರುತ್ತದೆ. ಹೇಳಿದ್ದಕ್ಕಿಂತ ಚೂರು ಜಾಸ್ತಿಯೇ ಕೊಟ್ಟಿದ್ದಾರೆ.